ಮೌಲ್ಯಸಮೂಹಗಳ ಸಂಯೋಜನೆಯೂ ಪ್ರಸ್ತಾರಕ್ರಮವೂ

ಗಣಕಯಂತ್ರಕ್ಕೆ ಆಜ್ಞೆಗಳನ್ನು ಬರೆಯಲು ಉಪಯೋಗಿಸುವ ಭಾಷೆಗಳಲ್ಲಿ ಪೈಥಾನ್ ಎಂಬುದು ಒಂದು. ನೆದರ್ಲೆಂಡ್ಸ್ ದೇಶದ ಗೀಡೊ ವಾನ್ ರೊಸಮ್ ಎಂಬವರು ಇದನ್ನು 1991ರಲ್ಲಿ ಪ್ರಕಟಿಸಿದರು. ಮೌಲ್ಯಗಳ ಎರಡು ಸಮೂಹಗಳನ್ನು ಕೂಡಿಸಲು ಇದರಲ್ಲಿ ಹಲವು ಮಾರ್ಗಗಳುಂಟು. ಒಂದರ ಎಡೆಯಲ್ಲಿ ಮತ್ತೊಂದನ್ನು ಹಿಡಿದರೂ ಯಂತ್ರವು ತಡೆಯದು. ಫಲವು ಮಾತ್ರ ಬೇರೆಯಾಗುವುದು. ಛಂದೋವಿಚಾರಕ್ಕೆ ಯಂತ್ರದ ನೆರವು ಪಡೆಯುವವರು ಈ ಭೇದವನ್ನು ಅರಿತಿರಬೇಕಾದುದು ಅವಶ್ಯ.

ಮೊದಲನೆಯದು ಸಂಯೋಗ. ಖ್ಯಾತಕರ್ನಾಟಕಗಳಲ್ಲಿ ಗುರುವಿನಿಂದ ಮೊದಲಾಗುವ ಉತ್ಪಲಮಾಲೆ, ಶಾರ್ದೂಲವಿಕ್ರೀಡಿತ, ಸ್ರಗ್ಧರೆಗಳ ಪಾದಾಕ್ಷರಗಳು ಕ್ರಮವಾಗಿ 20, 19, 21. ಆ ಆದಿಗುರುವನ್ನು ಎರಡು ಲಘುಗಳಾಗಿ ಒಡೆದಾಗ ದೊರೆಯುವ ಚಂಪಕಮಾಲೆ, ಮತ್ತೇಭವಿಕ್ರೀಡಿತ, ಮಹಾಸ್ರಗ್ಧರೆಗಳಿಗೆ 21, 20, 22. ಈ ಸಂಖ್ಯೆಗಳನ್ನು ‘ಲಿಸ್ಟ್’ ಎಂಬ ಪಟ್ಟಿಗಳಾಗಿ ಬರೆದು ಕೂಡಿಸಿದರೆ ಆರೂ ಉಳಿಯುವುವು, ಮೊತ್ತವು 123. ‘ಸೆಟ್’ ಎಂಬ ಗಣಗಳಾಗಿ ಬರೆದು ಸಂಯೋಗಿಸಿದರೆ 19, 20, 21, 22 ಎಂಬ ನಾಲ್ಕೇ ಉಳಿದು ಮೊತ್ತವು 82 ಆಗುವುದು. ಸೆಟ್ಟಿನಲ್ಲಿ ಪುನರುಕ್ತಿಗೆ ಸ್ಥಾನವಿಲ್ಲ. ಮೌಲ್ಯಗಳ ಕ್ರಮಕ್ಕೂ ಅಲ್ಲಿ ಅರ್ಥವಿಲ್ಲ. ಯಾವ ಯಾವ ಪ್ರಮಾಣಗಳುಂಟೆಂಬ ಪ್ರಶ್ನೆಗೆ ಸೆಟ್ಟು ತಕ್ಕುದು. ಎಷ್ಟು ವೃತ್ತಗಳೆಂಬ ಪ್ರಶ್ನೆಗೆ ಪಟ್ಟಿಯೇ ಬೇಕು.

ಎರಡನೆಯದು ಗುಣಲಬ್ಧ. ಇದರಲ್ಲಿ ಒಂದು ಸಮೂಹದ ಪ್ರತಿಯೊಂದು ಮೌಲ್ಯವೂ ಇನ್ನೊಂದರ ಪ್ರತಿಯೊಂದರೊಡನೆ ಜೊತೆಗೂಡುವುದು. 2008ರಲ್ಲಿ ಹೊರಬಂದ ಪೈಥಾನಿನ 2.6ನೆಯ ಆವೃತ್ತಿಯಲ್ಲಿ ಇದಕ್ಕಾಗಿ ‘ಪ್ರಾಡಕ್ಟ್’ ಎಂಬ ಸಾಧನವು ಸೇರಿತು. ಗುರು, ಲಘು ಎಂಬೆರಡನ್ನು ಅದಕ್ಕೊಪ್ಪಿಸಿ ಮೂರು ಸ್ಥಾನಗಳನ್ನು ಬೇಡಿದರೆ ಎಂಟು ಅಕ್ಷರಗಣಗಳೂ ದೊರೆಯುವುವು. ನಮ್ಮ ಛಂದಶ್ಶಾಸ್ತ್ರದ ಪ್ರಸ್ತಾರವೂ ಇದೇ ಗುಣಲಬ್ಧವೇ. ಆದರೆ ಕ್ರಮವು ಬೇರೆ. ಪ್ರಸ್ತಾರದಲ್ಲಿ ಎಡದ ಅಕ್ಷರವು ಸಾಲುಸಾಲಿಗೂ ಬದಲಾಗುವುದರಿಂದ ಮ, ಯ, ರ, ಸ, ತ, ಜ, ಭ, ನ ಎಂದಾಗುವುದು. ಯಂತ್ರದಲ್ಲಿ ಬಲದ ಅಕ್ಷರವು ಹಾಗೆ ಬದಲಾಗುವುದರಿಂದ ಮ, ತ, ರ, ಭ, ಯ, ಜ, ಸ, ನ ಎಂದಾಗುವುದು.

ಈ ವ್ಯತ್ಯಾಸವು ಅಲ್ಪವೆಂದು ಉಪೇಕ್ಷಿಸತಕ್ಕುದಲ್ಲ. ಕ್ರಮಾಂಕದಿಂದ ವೃತ್ತವನ್ನು ತಿಳಿಯುವ ನಷ್ಟಕ್ಕೂ, ವೃತ್ತದಿಂದ ಕ್ರಮಾಂಕವನ್ನು ತಿಳಿಯುವ ಉದ್ದಿಷ್ಟಕ್ಕೂ ಸಾಲುಗಳ ಕ್ರಮವೇ ಆಧಾರ. ಪ್ರಸ್ತಾರದಲ್ಲಿ ಏಳನೆಯದಾದ ಭಗಣವು ಯಂತ್ರದ ಪಟ್ಟಿಯಲ್ಲಿ ನಾಲ್ಕನೆಯದು. ಎಡದಿಂದಲೂ ಬಲದಿಂದಲೂ ಒಂದೇ ರೂಪವಾದ ಮ, ರ, ಜ, ನ ಗಣಗಳು ಎರಡರಲ್ಲಿಯೂ ತಮ್ಮ ಸ್ಥಾನದಲ್ಲಿಯೇ ನಿಲ್ಲುವುದರಿಂದ, ಅವುಗಳಿಂದಲೇ ಪರೀಕ್ಷಿಸಿದವರಿಗೆ ತಪ್ಪು ತೋರದು. ಇಪ್ಪತ್ತಕ್ಷರದ ಕೃತಿಛಂದಸ್ಸಿನ 10,48,576 ಸಾಲುಗಳಲ್ಲಿ ಇಂತಹ ತಪ್ಪನ್ನು ಕಣ್ಣಿನಿಂದ ಹುಡುಕುವುದು ಅಸಾಧ್ಯ. ಪರಿಹಾರವು ಸುಲಭ: ಯಂತ್ರವು ಕೊಟ್ಟ ಪ್ರತಿಯೊಂದು ಸಾಲನ್ನೂ ಬಲದಿಂದ ಎಡಕ್ಕೆ ತಿರುಗಿಸಿ ಬರೆದರೆ ಪ್ರಸ್ತಾರವೇ ದೊರೆಯುವುದು.