ಔಷಧಿ ಅಂಗಡಿಯ ಲೆಕ್ಕ: ಕೂಪನ್ನಿಗಿಂತ ಚೀಟಿ ಮುಖ್ಯ

ಬಾಗಲಕೋಟೆಯ ನವನಗರಕ್ಕೆ ಬೆಳಗಿನ ಬಸ್ಸುಗಳಲ್ಲಿ ಬಂದಿಳಿಯುವವರಲ್ಲಿ ಕಾಲೇಜು ಹುಡುಗರಷ್ಟೇ ಸಂಖ್ಯೆಯಲ್ಲಿ ರೋಗಿಗಳೂ ಇರುತ್ತಾರೆ. ಬಾದಾಮಿ, ಹುನಗುಂದ, ಇಳಕಲ್ ಕಡೆಯಿಂದ ಬಂದವರ ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ಹಳೆಯ ಚೀಟಿಗಳ ಕಟ್ಟು. ಡಾಕ್ಟರನ್ನು ಕಂಡು ಮೆಡಿಕಲ್ ಶಾಪಿನ ಕಟ್ಟೆಗೆ ಬಂದಾಗ ಒಂದು ಮಾತು ಪದೇ ಪದೇ ಕೇಳಿಬರುತ್ತದೆ: “ಹತ್ತ ಗುಳಿಗಿ ಸಾಕ್ರಿ, ಉಳದದ್ದು ಮುಂದಿನ ಸಂತಿಗೆ ಒಯ್ತೇನಿ.”

ಆ ಮುಂದಿನ ಸಂತೆಗೆ ಮಗನ ಪರೀಕ್ಷಾ ಶುಲ್ಕವೋ ಮಗಳ ಹಾಸ್ಟೆಲ್ ಬಾಕಿಯೋ ಎದುರಾಗುತ್ತದೆ. ಗುಳಿಗೆ ಹಿಂದೆ ಸರಿಯುತ್ತದೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವ ಎಷ್ಟೋ ತಂದೆ ತಾಯಂದಿರು ಮಕ್ಕಳ ಓದಿಗಾಗಿ ಹಣ ಉಳಿಸುವುದು ಹೀಗೆ, ದಿನ ಬಿಟ್ಟು ದಿನ ಗುಳಿಗೆ ನುಂಗಿ. ಇದು ಉಳಿತಾಯವಲ್ಲ. ಇಂದು ಉಳಿದ ನೂರು ರೂಪಾಯಿ ನಾಳೆ ಆಸ್ಪತ್ರೆಯ ಹಾಸಿಗೆಯ ಮೇಲೆ ಸಾವಿರಗಳಾಗಿ ಕೈಬಿಡುತ್ತದೆ. ಹಾಗಾದರೆ ಗುಳಿಗೆಯ ಸಂಖ್ಯೆ ಇಳಿಸದೆ ಖರ್ಚು ಇಳಿಸುವ ದಾರಿ ಉಂಟೇ? ಉಂಟು. ಮನೆಯಲ್ಲಿ ಓದುವ ಮಕ್ಕಳಿದ್ದರೆ ಆ ದಾರಿ ಇನ್ನೂ ಸುಲಭ.

ರಿಯಾಯಿತಿಯ ಒಳಗುಟ್ಟು

ಕೂಪನ್ನು ಹುಟ್ಟಿದ್ದೇ ಔಷಧಿ ಅಂಗಡಿಯಲ್ಲಿ ಎಂದರೆ ತಪ್ಪಾಗಲಾರದು. 1880ರ ದಶಕದ ಕೊನೆಯಲ್ಲಿ ಅಮೆರಿಕದ ಅಟ್ಲಾಂಟಾದ ಔಷಧಿ ವ್ಯಾಪಾರಿ ಏಸಾ ಕ್ಯಾಂಡ್ಲರ್ ಕೋಕಾ ಕೋಲಾವನ್ನು ಜನರಿಗೆ ರುಚಿ ಹತ್ತಿಸಲು ಒಂದು ಲೋಟ ಉಚಿತವೆಂಬ ಚೀಟಿ ಹಂಚಿದ. ಜನ ಉಚಿತ ಲೋಟಕ್ಕೆ ಬಂದರು, ಮರುದಿನದಿಂದ ದುಡ್ಡು ಕೊಟ್ಟು ಕುಡಿದರು. ಕೂಪನ್ನಿನ ಗುಣ ಇಂದಿಗೂ ಅದೇ. ನಮ್ಮ ಊರುಗಳಲ್ಲಿ ಅದು ‘ಶೇ 20 ರಿಯಾಯಿತಿ’ ಎಂಬ ಫಲಕವಾಗಿಯೋ, ಮೊಬೈಲಿಗೆ ಬರುವ ಸಂಕೇತವಾಗಿಯೋ, ಮುಂದಿನ ಖರೀದಿಗೆ ಸಿಗುವ ಅಂಕಗಳಾಗಿಯೋ ಕಾಣಿಸಿಕೊಳ್ಳುತ್ತದೆ.

ಒಂದು ಲೆಕ್ಕ ನೋಡೋಣ. ‘1,000 ರೂಪಾಯಿ ಖರೀದಿಗೆ 100 ರೂಪಾಯಿ ಕಡಿತ’ ಎಂಬ ಕೂಪನ್ನಿದೆ ಎಂದಿಟ್ಟುಕೊಳ್ಳಿ. ಮನೆಗೆ ಬೇಕಾದದ್ದು 700 ರೂಪಾಯಿಯ ಔಷಧಿ. ಕೂಪನ್ನಿನ ಆಸೆಗೆ 300 ರೂಪಾಯಿಯ ಸಾಬೂನು, ಕ್ರೀಮು ಸೇರಿಸಿದರೆ ಕೊಡಬೇಕಾದದ್ದು 900. ಬೇಡದ 300 ರೂಪಾಯಿ ಮಾಲು ಮನೆಗೆ ಬಂತು, 200 ರೂಪಾಯಿ ಹೆಚ್ಚು ಹೋಯಿತು. ‘ಮರಳಿ ಸಿಗುವ ಹಣ’ವೂ ಹಾಗೆಯೇ. ಅದು ಕೈಗೆ ನಗದಾಗಿ ಬರುತ್ತದೆಯೋ, ಮುಂದಿನ ಖರೀದಿಗೆ ಮಾತ್ರ ಸಲ್ಲುತ್ತದೆಯೋ, ಎಷ್ಟು ದಿನ ಉಳಿಯುತ್ತದೆ ಎಂಬುದನ್ನು ಮೊದಲು ಕೇಳಬೇಕು.

ರಿಯಾಯಿತಿ ಎಲ್ಲಿಂದ ಬರುತ್ತದೆ? ಔಷಧಿ ಬೆಲೆ ನಿಯಂತ್ರಣ ಆದೇಶ 2013ರ ಪ್ರಕಾರ ಅಗತ್ಯ ಔಷಧಿಗಳ ಗರಿಷ್ಠ ಬೆಲೆ ಕಟ್ಟುವಾಗ ಚಿಲ್ಲರೆ ವ್ಯಾಪಾರಿಗೆ ಶೇ 16 ಲಾಭ ಸೇರಿಸಲಾಗುತ್ತದೆ. ಅಂಥ ಗುಳಿಗೆಗೆ ಅಂಗಡಿಯವನು ಬಿಡುವುದು ಸಾಮಾನ್ಯವಾಗಿ ತನ್ನ ಲಾಭದಲ್ಲಿ ಒಂದು ಪಾಲು. ಆದರೆ ಪಟ್ಟಿಯ ಹೊರಗಿನ ಔಷಧಿಗಳ ಬೆಲೆಯನ್ನು ಕಂಪನಿಯೇ ಗೊತ್ತುಮಾಡುತ್ತದೆ. ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸಬಾರದೆಂಬುದಷ್ಟೇ ಕಟ್ಟಳೆ. ಮುದ್ರಿತ ಬೆಲೆಯೇ ಎತ್ತರದಲ್ಲಿದ್ದರೆ ಅರ್ಧ ಬೆಲೆಗೆ ಕೊಟ್ಟರೂ ವ್ಯಾಪಾರಿಗೆ ನಷ್ಟವಿಲ್ಲ. ಆದ್ದರಿಂದ ಎಷ್ಟು ಶೇಕಡಾ ಬಿಟ್ಟರು ಎಂದು ನೋಡುವುದಕ್ಕಿಂತ ಒಂದು ಗುಳಿಗೆಗೆ ಎಷ್ಟು ಬಿತ್ತು ಎಂದು ನೋಡುವುದೇ ಜಾಣತನ.

ಹೆಸರು ಬೇರೆ, ಮದ್ದು ಒಂದೇ

ಔಷಧಿಗೆ ಎರಡು ಹೆಸರು. ಒಂದು ಕಂಪನಿ ಇಟ್ಟ ಹೆಸರು, ಇನ್ನೊಂದು ಮೂಲದ್ರವ್ಯದ ಹೆಸರು. ಮೂಲ ಹೆಸರಿನಲ್ಲಿ ಮಾರುವ ಔಷಧಿಯೇ ಜೆನೆರಿಕ್. ಇವನ್ನು ಕಡಿಮೆ ಬೆಲೆಗೆ ಒದಗಿಸಲೆಂದೇ ಕೇಂದ್ರ ಸರ್ಕಾರ 2008ರ ನವೆಂಬರಿನಲ್ಲಿ ಜನೌಷಧಿ ಯೋಜನೆ ಆರಂಭಿಸಿತು. 2023ರ ನವೆಂಬರ್ 30ರಂದು ದೇವಘರ್‌ನಲ್ಲಿ ಹತ್ತು ಸಾವಿರದ ಕೇಂದ್ರ ತೆರೆಯಿತು. ಇಲ್ಲಿನ ಔಷಧಿಗಳು ಹೆಸರಾಂತ ಬ್ರಾಂಡುಗಳಿಗಿಂತ ಸಾಮಾನ್ಯವಾಗಿ ಶೇ 50ರಿಂದ 80ರಷ್ಟು ಅಗ್ಗ. ಅಗ್ಗವೆಂದರೆ ಕಳಪೆ ಎಂಬ ಅಂಜಿಕೆ ಹಲವರಿಗೆ. ವಿಶ್ವ ಆರೋಗ್ಯ ಸಂಸ್ಥೆಯ ಉತ್ಪಾದನಾ ನಿಯಮ ಪಾಲಿಸುವ ತಯಾರಕರಿಂದಲೇ ಇವನ್ನು ಕೊಳ್ಳುತ್ತಾರೆ, ಪ್ರತಿ ಬ್ಯಾಚನ್ನೂ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷಿಸುತ್ತಾರೆ. ಜಾಹೀರಾತು, ಪ್ರಚಾರದ ಖರ್ಚಿಲ್ಲದ್ದೇ ಅಗ್ಗಕ್ಕೆ ಮುಖ್ಯ ಕಾರಣ.

ಇಳಕಲ್‌ನ ಒಂದು ನೇಕಾರ ಮನೆಗೆ ತಿಂಗಳಿಗೆ 600 ರೂಪಾಯಿಯ ಗುಳಿಗೆ ಬೇಕೆಂದು ಭಾವಿಸಿ. ಶೇ 20 ರಿಯಾಯಿತಿ ಸಿಕ್ಕರೆ ಉಳಿಯುವುದು 120 ರೂಪಾಯಿ. ಅದೇ ಮದ್ದು ಜೆನೆರಿಕ್‌ನಲ್ಲಿ ಅರ್ಧ ಬೆಲೆಗೆ ಸಿಕ್ಕರೂ ಉಳಿತಾಯ 300, ವರ್ಷಕ್ಕೆ 3,600. ಆದರೆ ಅದಕ್ಕಾಗಿ ದೂರದ ಊರಿಗೆ ಹೋಗಬೇಕಾದರೆ ಬಸ್ ಚಾರ್ಜು, ಕಳೆದ ದಿನಗೂಲಿ ಎರಡನ್ನೂ ಲೆಕ್ಕಕ್ಕೆ ಹಿಡಿಯಬೇಕು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ ಹೊರೆ ತಪ್ಪಿದೆ. ಕಾಲೇಜಿಗೆ ಬರುವ ಮಗಳೇ ಚೀಟಿ ತಂದು ಔಷಧಿ ಒಯ್ದರೆ ತಂದೆಯ ಒಂದು ದಿನದ ದುಡಿಮೆಯೂ ಉಳಿಯುತ್ತದೆ. ‘ಜನೌಷಧಿ ಸುಗಮ್’ ಎಂಬ ಮೊಬೈಲ್ ಆ್ಯಪ್‌ನಲ್ಲಿ ಹತ್ತಿರದ ಕೇಂದ್ರವನ್ನೂ ಬೆಲೆಯನ್ನೂ ಮನೆಯಲ್ಲೇ ಕುಳಿತು ನೋಡಬಹುದು. ಬ್ರಾಂಡುಗಳ ಬೆಲೆ ತಾಳೆ ನೋಡಲು ಬೆಲೆ ನಿಯಂತ್ರಣ ಪ್ರಾಧಿಕಾರದ ‘ಫಾರ್ಮಾ ಸಹಿ ದಾಮ್’ ಇದೆ. ಹಿರಿಯರಿಗೆ ತಿಳಿಯದ ಈ ಕೆಲಸ ಪಿಯುಸಿ ಹುಡುಗನಿಗೆ ಐದು ನಿಮಿಷದ್ದು.

ಕೇಳುವುದು ಯಾರನ್ನು?

ಇಲ್ಲೊಂದು ತೊಡಕುಂಟು. ಚೀಟಿಯಲ್ಲಿ ಬ್ರಾಂಡ್ ಹೆಸರಿದ್ದರೆ, ಡಾಕ್ಟರ ಚೀಟಿ ಬೇಕೇ ಬೇಕಾದ ಔಷಧಿಗಳಲ್ಲಿ ಅಂಗಡಿಯವನು ತಾನಾಗಿ ಬದಲಿ ಕೊಡುವಂತಿಲ್ಲ. ಔಷಧಿ ನಿಯಮ ಅದನ್ನು ತಡೆಯುತ್ತದೆ. ಆದ್ದರಿಂದ ಕೇಳಬೇಕಾದದ್ದು ಕಟ್ಟೆಯಲ್ಲಲ್ಲ, ಡಾಕ್ಟರ ಕೋಣೆಯಲ್ಲಿ. “ಡಾಕ್ಟ್ರೇ, ಜೆನೆರಿಕ್ ಹೆಸರು ಬರದ ಕೊಡ್ರಿ” ಎನ್ನಲು ಸಂಕೋಚಪಡಬೇಕಿಲ್ಲ. ವೈದ್ಯರು ಮೂಲ ಹೆಸರನ್ನು ಸ್ಪಷ್ಟವಾಗಿ ಬರೆಯಬೇಕೆಂದು 2002ರ ವೈದ್ಯಕೀಯ ನಡತೆ ನಿಯಮಗಳಿಗೆ 2016ರಲ್ಲಿ ಆದ ತಿದ್ದುಪಡಿಯೇ ಹೇಳುತ್ತದೆ. ಫಿಟ್ಸ್, ಥೈರಾಯ್ಡ್, ಹೃದಯದ ಔಷಧಿಗಳನ್ನಂತೂ ಡಾಕ್ಟರನ್ನು ಕೇಳದೆ ಬದಲಿಸಲೇಬಾರದು.

ಇನ್ನೊಂದು ಮಾತು. ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಸಾಮಾನ್ಯ ಗುಳಿಗೆಗಳನ್ನು ಸರ್ಕಾರಿ ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಕೊಡುತ್ತಾರೆ. ಅಂಗಡಿಗೆ ಹೋಗುವ ಮೊದಲು ಅಲ್ಲಿ ವಿಚಾರಿಸಿದರೆ ಯಾವ ಕೂಪನ್ನೂ ಕೊಡಲಾರದ ಉಳಿತಾಯವಾದೀತು.

ಬಿಲ್ಲು ಬಿಡಬೇಡಿ

ಮುದ್ರಿತ ಗರಿಷ್ಠ ಬೆಲೆಯಲ್ಲಿ ಎಲ್ಲ ತೆರಿಗೆಯೂ ಸೇರಿರುತ್ತದೆ, ಅದಕ್ಕಿಂತ ಒಂದು ಪೈಸೆ ಹೆಚ್ಚು ಕೇಳುವಂತಿಲ್ಲ. 2025ರ ಸೆಪ್ಟೆಂಬರ್ 22ರಿಂದ ಬಹುತೇಕ ಔಷಧಿಗಳ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿಯಿತು, 33 ಔಷಧಿಗಳಿಗೆ ಪೂರ್ತಿ ಹೋಯಿತು. ಅದಕ್ಕೂ ಮೊದಲು ತಯಾರಾದ ಪಟ್ಟಿಯ ಮೇಲೆ ಹಳೆಯ ಬೆಲೆ ಉಳಿದಿರಬಹುದು. ಕೊಡಬೇಕಾದದ್ದು ಮಾತ್ರ ಇಳಿದ ಬೆಲೆ. ಬಿಲ್ಲಿನಲ್ಲಿ ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ತಿಂಗಳು ನೋಡಿಕೊಳ್ಳಿ. ಬಿಡಿ ಗುಳಿಗೆ ಕೊಂಡರೆ ಅವೆರಡೂ ಮುದ್ರಿತವಾಗಿರುವ ತುಂಡನ್ನು ಉಳಿಸಿಕೊಳ್ಳಿ, ಇಲ್ಲವೇ ಮೊಬೈಲಿನಲ್ಲಿ ಚಿತ್ರ ತೆಗೆದಿಡಿ. ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಹಾಸ್ಟೆಲ್ ಮಕ್ಕಳಿಗೂ ಇಲ್ಲಿ ಪಾಠವುಂಟು. ಜನೌಷಧಿಯ ‘ಸುವಿಧಾ’ ಸ್ಯಾನಿಟರಿ ಪ್ಯಾಡು 2019ರ ಆಗಸ್ಟಿನಿಂದ ಒಂದಕ್ಕೆ ಒಂದು ರೂಪಾಯಿ. ಕೋಣೆಯ ಗೆಳತಿಯರು ಸೇರಿ ತಿಂಗಳಿಗೊಮ್ಮೆ ತರಿಸಿಕೊಂಡರೆ ಬಸ್ಸಿನ ದಾರಿಯೂ ಒಂದೇ. ಶಾಂಪೂ, ಪೇಸ್ಟು ಕೊಳ್ಳುವಾಗ ದೊಡ್ಡದು ಅಗ್ಗವೆಂದು ನಂಬದೆ ಬೆಲೆಯನ್ನು ತೂಕದಿಂದ ಭಾಗಿಸಿ ನೋಡಿ. ಕೆಲವೊಮ್ಮೆ ಸಣ್ಣ ಸ್ಯಾಶೆಯೇ ಅಗ್ಗ ಬೀಳುವುದುಂಟು. ಗೆಳೆಯನಿಗೆ ಕೊಟ್ಟ ಆ್ಯಂಟಿಬಯಾಟಿಕ್ಕನ್ನು ಹಂಚಿಕೊಂಡು ನುಂಗುವುದು, ಜ್ವರ ಇಳಿಯಿತೆಂದು ಉಳಿದದ್ದನ್ನು ಮುಂದಿನ ಜ್ವರಕ್ಕೆ ಎತ್ತಿಡುವುದು ಮಾತ್ರ ಬೇಡ.

ಹನಿ ಹನಿ ಕೂಡಿದರೆ ಹಳ್ಳ ಎನ್ನುವುದು ಸುಳ್ಳಲ್ಲ. ಈ ವಾರ ಮನೆಗೆ ಹೋದಾಗ ಅಪ್ಪ ಅವ್ವನ ಗುಳಿಗೆಗಳನ್ನು ಚಾಪೆಯ ಮೇಲೆ ಹರವಿ, ಪ್ರತಿಯೊಂದರ ಮೂಲ ಹೆಸರು, ಪ್ರಮಾಣ, ಬೆಲೆ ಒಂದು ಹಾಳೆಯಲ್ಲಿ ಬರೆಯಿರಿ. ಮುಂದಿನ ಸಲ ಡಾಕ್ಟರ ಬಳಿ ಆ ಹಾಳೆ ಜೊತೆಗಿರಲಿ. ಬರೆಯುವಾಗಲೇ ಎಣಿಸಿ ನೋಡಿ, ತಿಂಗಳು ಮುಗಿದರೂ ಪಟ್ಟಿಯಲ್ಲಿ ಗುಳಿಗೆಗಳು ಉಳಿದಿವೆಯೇ? ಉಳಿದಿದ್ದರೆ ಏಕೆಂದು ಅವ್ವನನ್ನು ಮೆಲ್ಲಗೆ ಕೇಳಿ.