ನದಿಯಿಲ್ಲದ ಎರಡು ಪೇಟೆಗಳು

ಪೇಟೆಗಳು ನದಿ ದಂಡೆಯಲ್ಲಿ ಹುಟ್ಟುತ್ತವೆಂದು ನಮ್ಮ ಮಕ್ಕಳು ಭೂಗೋಳದ ಪಾಠದಲ್ಲಿ ಓದುತ್ತಾರೆ. ಇಂಗ್ಲೆಂಡಿನ ಥೇಮ್ಸ್ ನದಿಯ ದಡದ ಹೆನ್ಲಿಯಂತಹ ಊರುಗಳಿಂದ ಧಾನ್ಯವು ದೋಣಿಯಲ್ಲೇ ಲಂಡನ್ ಸೇರುತ್ತಿತ್ತು. ಆದರೆ ಬೀದರ್ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ್‌ಗೆ ಅಂತಹ ನದಿಯಿಲ್ಲ. ಹಾಗಿದ್ದರೂ ಈ ಪೇಟೆಗಳು ಶತಮಾನಗಳಿಂದ ಬಾಳಿವೆ. ಹೇಗೆ?

ಈ ಸೀಮೆ ಎತ್ತರದ ಬಯಲು. ಮಳೆನೀರು ಇಲ್ಲಿ ಎರಡು ದಾರಿ ಹಿಡಿಯುತ್ತದೆ. ಒಂದು ಪಾಲು ಮಾಂಜ್ರಾ ಸೇರಿ ಗೋದಾವರಿಗೆ ಹೋಗುತ್ತದೆ. ಬಸವಕಲ್ಯಾಣ ತಾಲೂಕಿನಲ್ಲಿ ಹುಟ್ಟುವ ಮುಲ್ಲಾಮಾರಿ ಕಾಗಿಣಾ, ಭೀಮಾ ಮೂಲಕ ಕೃಷ್ಣೆಗೆ ಸೇರುತ್ತದೆ. ನೀರು ಹುಟ್ಟುವ ನೆಲವಿದು, ಆದರೆ ಅದು ಇಲ್ಲಿ ನಿಲ್ಲುವುದಿಲ್ಲ. ಅದಕ್ಕೇ ಹಿಂದಿನವರು ಕೆರೆ, ಬಾವಿಗಳನ್ನು ನಂಬಿದರು. ಬಸವಕಲ್ಯಾಣದ ತ್ರಿಪುರಾಂತ ಕೆರೆ ಇಂದಿಗೂ ಊರಿನ ಗುರುತು.

11ನೇ ಶತಮಾನದಲ್ಲಿ ಚಾಲುಕ್ಯ ದೊರೆ ಒಂದನೇ ಸೋಮೇಶ್ವರ ಕಲ್ಯಾಣವನ್ನು ರಾಜಧಾನಿ ಮಾಡಿದ. 1076ರಲ್ಲಿ ಪಟ್ಟಕ್ಕೆ ಬಂದ ಆರನೇ ವಿಕ್ರಮಾದಿತ್ಯನ ಆಸ್ಥಾನದಲ್ಲಿ ವಿಜ್ಞಾನೇಶ್ವರ 'ಮಿತಾಕ್ಷರ' ಬರೆದ. ಹಿಂದೂ ಕುಟುಂಬಗಳ ಆಸ್ತಿ ಹಂಚಿಕೆಗೆ ದೇಶದ ಬಹುಭಾಗದಲ್ಲಿ ಅದೇ ಆಧಾರವಾಯಿತು. 12ನೇ ಶತಮಾನದಲ್ಲಿ ಕಲಚುರಿ ಬಿಜ್ಜಳನ ಕಾಲಕ್ಕೆ ಬಸವಣ್ಣ ಇಲ್ಲಿದ್ದರು. ಅಕ್ಕಮಹಾದೇವಿಯಂತಹ ಮಹಿಳೆಯರೂ ಇಲ್ಲಿನ ಶರಣರೊಡನೆ ಸಮಾನವಾಗಿ ಮಾತನಾಡಿದರು.

ಮುಂದೆ ಕೋಟೆ ಬಹಮನಿ ಸುಲ್ತಾನರ ಕೈಗೆ ಬಂತು. 1657ರಲ್ಲಿ ಔರಂಗಜೇಬ್ ಅದನ್ನು ಗೆದ್ದ. ಬಳಿಕ ನಿಜಾಮರ ಅಧೀನದಲ್ಲಿ ಕಲ್ಯಾಣಿಯ ನವಾಬರು ಆಳಿದರು. 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತ ಸೇರಿತು. 1956ರಲ್ಲಿ ಬೀದರ್ ಮೈಸೂರು ರಾಜ್ಯಕ್ಕೆ ಬಂತು. ನವಾಬರ ನೆನಪು ಕೋಟೆಯಲ್ಲಷ್ಟೇ ಅಲ್ಲ, ಅಡುಗೆ ಮನೆಯಲ್ಲೂ ಇದೆ. ಹೈದರಾಬಾದಿನ ಕಲ್ಯಾಣಿ ಬಿರಿಯಾನಿಗೆ ಈ ಊರಿನದೇ ಹೆಸರು. ನವಾಬರು ಹೈದರಾಬಾದಿನ ತಮ್ಮ ಹವೇಲಿಗೆ ಬಂದ ಊರವರಿಗೆ ಇದನ್ನು ಉಣಬಡಿಸುತ್ತಿದ್ದರಂತೆ.

ರಾಜಧಾನಿ ಹೋಯಿತು, ನವಾಬರೂ ಹೋದರು. ಪೇಟೆ ಮಾತ್ರ ಉಳಿಯಿತು. ಕಾರಣ, ದಾರಿ. ಪುಣೆ–ಹೈದರಾಬಾದ್ ಹೆದ್ದಾರಿಯೂ ಬೀದರ್–ಕಲಬುರಗಿ ರಸ್ತೆಯೂ ಹುಮನಾಬಾದಿನಲ್ಲಿ ಸಂಧಿಸುತ್ತವೆ. 2017ರಲ್ಲಿ ಬೀದರ್–ಕಲಬುರಗಿ ರೈಲು ಮಾರ್ಗವೂ ಪೂರ್ಣಗೊಂಡಿತು. ಬಸವಕಲ್ಯಾಣಕ್ಕೆ ಹೋಗುವವರು ಹೆದ್ದಾರಿಯ ಸಸ್ತಾಪುರ ಬಂಗ್ಲಾದಲ್ಲಿ ಒಳಗೆ ತಿರುಗುತ್ತಾರೆ. ತೊಗರಿ, ಹೆಸರು, ಉದ್ದು, ಸೋಯಾ ಇಲ್ಲಿನ ಬೆಳೆಗಳು. ಪೇಟೆಯಲ್ಲಿ ಕನ್ನಡ, ಉರ್ದು, ಮರಾಠಿ, ತೆಲುಗು ಒಟ್ಟಿಗೇ ಕೇಳಿಸುತ್ತವೆ. ಒಬ್ಬರ ಬೆಳೆಯನ್ನು ಇನ್ನೊಬ್ಬರು ಕೊಳ್ಳದೆ ಇಲ್ಲಿ ಯಾರ ಒಲೆಯೂ ಉರಿಯುವುದಿಲ್ಲ. ಅಳತೆ, ತೂಕದಲ್ಲಿ ಮೋಸ ಮಾಡುವವರಿಗೆ ಪವಿತ್ರ ಕುರ್‌ಆನಿನ 83ನೇ ಅಧ್ಯಾಯವು ಎಚ್ಚರಿಕೆಯೊಂದಿಗೇ ಆರಂಭವಾಗುತ್ತದೆ. ಪೇಟೆಯನ್ನು ಉಳಿಸುವುದು ಈ ನಂಬಿಕೆಯೇ ಅಲ್ಲವೇ?

ದಾರಿ ಸರಕು ತಂದೀತು, ನೀರು ತರಲಾರದು. ಮಳೆ ಕೈಕೊಟ್ಟ ವರ್ಷ ಕೊಡ ಹಿಡಿದು ಸಾಲಿನಲ್ಲಿ ನಿಲ್ಲುವವರು ಹೆಚ್ಚಾಗಿ ಹೆಣ್ಣುಮಕ್ಕಳೇ. ಹರಿಯುವ ನದಿಯ ದಡದಲ್ಲಿದ್ದರೂ ವುಝೂ ಮಾಡುವಾಗ ನೀರು ಪೋಲು ಮಾಡಬಾರದೆಂದು ಪ್ರವಾದಿ(ಸ) ಕಲಿಸಿದ್ದಾರೆ. ಹಾಗಿರುವಾಗ ನದಿಯೇ ಇಲ್ಲದ ಊರಿನವರು ಇನ್ನೆಷ್ಟು ಜಾಗ್ರತೆ ವಹಿಸಬೇಕು? ಸಹೋದರಿಯರೇ, ಮಾಡಿನ ನೀರನ್ನು ಹಿಡಿದಿಡೋಣ, ಹಳೆಯ ಬಾವಿಗೆ ಕಸ ಸುರಿಯದಿರೋಣ. ಇಲ್ಲಿನ ಮಕ್ಕಳಿಗೆ ಕೋಟೆ ತೋರಿಸುವ ದಿನ ಕೆರೆಯನ್ನೂ ತೋರಿಸಿ. ಕೋಟೆ ಊರಿಗೆ ಹೆಸರು ಕೊಟ್ಟಿತು; ಬದುಕು ಕೊಟ್ಟದ್ದು ಕೆರೆ.