ದಮ್ಮಿನ ಮದ್ದು ಮುಚ್ಚಿಡುವ ಅಪಾಯ

ಸುಗ್ಗಿ ಬಂತೆಂದರೆ ತೊಗರ್ಸಿ ಕಡೆಯ ಕಣಗಳಲ್ಲಿ ಭತ್ತ, ಮೆಕ್ಕೆಜೋಳದ ದೂಳು ಏಳುತ್ತದೆ. ದಮ್ಮು ಇರುವ ಮಕ್ಕಳಿಗೆ ಅದು ಕಷ್ಟಕಾಲ. ಎದೆ ಸುಯ್‌ಗುಟ್ಟಿದೊಡನೆ ಸಾಲ್ಬುಟಮಾಲ್ ಇನ್‌ಹೇಲರಿಗೆ ಕೈ ಹೋಗುತ್ತದೆ. ಕೆಲವೇ ನಿಮಿಷಗಳಲ್ಲಿ ಉಸಿರು ಸರಾಗ. ಹಾಗಾದರೆ ಕಾಯಿಲೆ ಹೋಯಿತೇ?

ಇಲ್ಲ. ಶ್ವಾಸನಾಳದ ಸುತ್ತ ಬಿಗಿದ ಸ್ನಾಯುಗಳನ್ನು ಸಡಿಲಿಸುವುದಷ್ಟೇ ಈ ಮದ್ದಿನ ಕೆಲಸ. ಒಳಗಿನ ಊತ, ಕಫ ಹಾಗೆಯೇ ಉಳಿಯುತ್ತವೆ. ಆರಾಮ ಸಿಕ್ಕಿತೆಂದು ರೋಗಿ ಸುಮ್ಮನಿದ್ದರೆ ಊತ ಬೆಳೆಯುತ್ತಲೇ ಇರುತ್ತದೆ. ದಿನವೂ ಬಳಸಿದರೆ ಸ್ನಾಯುಗಳು ಮದ್ದಿಗೆ ಮೊದಲಿನಷ್ಟು ಸ್ಪಂದಿಸುವುದೂ ಇಲ್ಲ.

ಈ ತಿಳಿವಳಿಕೆಗೆ ಜಗತ್ತು ತೆತ್ತ ಬೆಲೆ ದೊಡ್ಡದು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1959ರಿಂದ 1966ರೊಳಗೆ 10ರಿಂದ 14 ವರ್ಷದ ಮಕ್ಕಳಲ್ಲಿ ಅಸ್ತಮಾ ಸಾವು ಸುಮಾರು ಎಂಟು ಪಟ್ಟು ಏರಿತು. ಐದು ಪಟ್ಟು ಗಾಢವಾದ ಐಸೊಪ್ರಿನಲಿನ್ ಇನ್‌ಹೇಲರ್ ಮಾರಾಟವಾಗುತ್ತಿದ್ದ ದೇಶಗಳಲ್ಲೇ ಸಾವು ಏರಿದ್ದನ್ನು 1972ರಲ್ಲಿ ಪಾಲ್ ಸ್ಟಾಲಿ ತೋರಿಸಿದರು.

ನ್ಯೂಜಿಲೆಂಡ್‌ಗೆ ಫೆನೊಟೆರಾಲ್ ಬಂದದ್ದು 1976ರಲ್ಲಿ. ಸಾವಿನ ಪ್ರಮಾಣ ಏರತೊಡಗಿದ್ದೂ ಆಗಲೇ. ಎರಡಕ್ಕೂ ನಂಟಿದೆಯೆಂದು ವೆಲಿಂಗ್ಟನ್‌ನ ಜೂಲಿಯನ್ ಕ್ರೇನ್, ರಿಚರ್ಡ್ ಬೀಸ್ಲಿ, ನೀಲ್ ಪಿಯರ್ಸ್ ಮೊದಲಾದವರು 1989ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದಾಗ ಎದ್ದ ಆಕ್ಷೇಪ ವಿದ್ಯಾರ್ಥಿಗಳು ಗಮನಿಸಬೇಕಾದದ್ದು. ರೋಗ ಉಲ್ಬಣಿಸಿದವರಿಗೇ ವೈದ್ಯರು ಈ ಮದ್ದು ಕೊಡುತ್ತಿದ್ದರೆ? ಆಗ ಕೊಂದದ್ದು ರೋಗವೇ ಹೊರತು ಮದ್ದಲ್ಲವಲ್ಲ! ತೂಕದ ಪ್ರಶ್ನೆಯೇ. ಸಂಶೋಧಕರು ತೀವ್ರ ರೋಗಿಗಳನ್ನಷ್ಟೇ ಬೇರ್ಪಡಿಸಿ ಹೋಲಿಸಿದರು. ನಂಟು ಇನ್ನೂ ಗಟ್ಟಿಯಾಗಿ ಕಂಡಿತು. ಫೆನೊಟೆರಾಲ್ ಬಳಕೆಗೆ ಕಡಿವಾಣ ಬಿದ್ದ ಮೇಲೆ ಸಾವು ಸುಮಾರು ಅರ್ಧಕ್ಕೆ ಇಳಿಯಿತು.

ಸಾಲ್ಬುಟಮಾಲ್ ಅಷ್ಟು ಉಗ್ರವಲ್ಲ. ಆದರೂ ಅದನ್ನೊಂದನ್ನೇ ನಂಬಿ ಕೂರುವಂತಿಲ್ಲ. ಬೆಂಗಳೂರಿನ ಡಾ. ಎಚ್. ಪರಮೇಶ್ ಅವರ ಅಧ್ಯಯನದಲ್ಲಿ ಮಕ್ಕಳಲ್ಲಿ ಅಸ್ತಮಾ 1979ರಲ್ಲಿ ಶೇ 9 ಇದ್ದದ್ದು 1999ಕ್ಕೆ ಶೇ 29.5 ಆಗಿತ್ತು. ಅಂದರೆ ಇದು ಯಾರದೋ ಮನೆಯ ಸಂಗತಿಯಲ್ಲ. ಹನ್ನೆರಡು ದಾಟಿದವರಿಗೆ ಬರೀ ಸಾಲ್ಬುಟಮಾಲ್ ಸಾಲದು, ಊತ ಇಳಿಸುವ ಸ್ಟೀರಾಯ್ಡ್ ಇನ್‌ಹೇಲರ್ ಜೊತೆಗಿರಲೇಬೇಕು ಎಂದು ಅಂತರರಾಷ್ಟ್ರೀಯ ಅಸ್ತಮಾ ಸಂಸ್ಥೆ ‘ಜೀನಾ’ 2019ರಲ್ಲಿ ಹೇಳಿತು.

ಸ್ಟೀರಾಯ್ಡ್ ಎಂದೊಡನೆ ಅಪ್ಪ ಅಮ್ಮ ಬೆಚ್ಚುತ್ತಾರೆ. ಇನ್‌ಹೇಲರಿನಲ್ಲಿ ಅದರ ಪ್ರಮಾಣ ಮೈಕ್ರೊಗ್ರಾಂ ಲೆಕ್ಕದ್ದು, ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲಿನ ಅಳತೆ. ವಿಚಿತ್ರವೆಂದರೆ, ತಿಂಗಳಿಗೊಂದು ಸಾಲ್ಬುಟಮಾಲ್ ಡಬ್ಬಿ ಖಾಲಿಯಾದರೆ ಯಾರೂ ಹೆದರುವುದಿಲ್ಲ. ವರ್ಷಕ್ಕೆ ಮೂರು ಡಬ್ಬಿ ಮುಗಿದರೇ ರೋಗ ಹಿಡಿತ ತಪ್ಪುತ್ತಿದೆ ಎಂದರ್ಥ. ಡಬ್ಬಿಗಳನ್ನು ಎಣಿಸಿ ವೈದ್ಯರಿಗೆ ತಿಳಿಸಬೇಕು. ಉಸಿರು ಕಟ್ಟಿದ ಗಳಿಗೆಯಲ್ಲಿ ಮಾತ್ರ ಸಾಲ್ಬುಟಮಾಲ್ ಕೊಡಲು ಹಿಂಜರಿಯಬಾರದು. ಕೊಟ್ಟರೂ ಉಸಿರು ತಿಳಿಯಾಗದಿದ್ದರೆ ಮಗುವನ್ನು ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.